ಉಣ್ಣದ ಹಾವು

ಹಟ ಹಿಡಿದು ಊಟ ಬಿಟ್ಟ ಮಗುವನ್ನು ನಾವೆಲ್ಲರೂ ಕಂಡಿದ್ದೇವೆ. ಮುನಿಸಿಕೊಂಡು ಊಟ ಬಿಟ್ಟ ಹಿರಿಯರನ್ನೂ ಕಂಡಿದ್ದೇವೆ. ವ್ರತಕ್ಕಾಗಿ ಬಿಡುವವರುಂಟು, ವೈದ್ಯರ ಮಾತಿಗಾಗಿ ಬಿಡುವವರುಂಟು, ಒಂದು ಕಾಲಕ್ಕೆ ದೇಶಕ್ಕಾಗಿ ಬಿಟ್ಟವರೂ ಇದ್ದರು. ಆದರೆ ಊಟ ಬಿಟ್ಟ ಹಾವಿನ ಮುಂದೆ ಕುಳಿತು ಚಿಂತಿಸಿದವರು ನಮ್ಮಲ್ಲಿ ಹೆಚ್ಚು ಮಂದಿ ಇರಲಾರರು. ಅಂಥ ಚಿಂತೆ ನನ್ನ ಪಾಲಿಗೆ ಬಾಳಿನಲ್ಲಿ ಎರಡು ಬಾರಿ ಬಂದಿತು. ಮೊದಲನೆಯ ಸಲ ನನಗೆ ಹನ್ನೊಂದು ವರ್ಷ. ಎರಡನೆಯ ಸಲ ಎಪ್ಪತ್ತು. ನಡುವಿನ ಅರವತ್ತು ವರ್ಷಗಳಲ್ಲಿ ಹಾವುಗಳ ವಿಷಯವಾಗಿ ಜಗತ್ತು ಬಹಳಷ್ಟನ್ನು ಕಲಿತಿದೆ. ನಾನು ಕಲಿತುದು ಒಂದೇ ಒಂದು ಮಾತು. ಅದನ್ನು ಹೇಳುವುದಕ್ಕೆಂದೇ ಈ ಬರಹ.

ನಾನು ಭಟ್ಕಳದಲ್ಲಿ ನೆಲೆಸಿರುವ ಒಬ್ಬ ನಿವೃತ್ತ ಉಪಾಧ್ಯಾಯ. ಇಲ್ಲಿನ ಮಕ್ಕಳಿಗೆ ಬಹುಕಾಲ ವಿಜ್ಞಾನದ ಪಾಠ ಹೇಳಿದವನು. ಆದರೆ ಹುಟ್ಟಿ ಬೆಳೆದುದು ಹೊನ್ನಾವರ ತಾಲ್ಲೂಕಿನಲ್ಲಿ. ಗೇರುಸೊಪ್ಪೆಯ ಕಡೆಗೆ ಹೋಗುವ ದಾರಿಯಲ್ಲಿ, ಶರಾವತಿಗೆ ಸಮೀಪವಾದ ಒಂದು ಅಡಕೆ ತೋಟದ ಮನೆಯಲ್ಲಿ. ಮನೆಯ ಹಿಂದೆ ಬೆಟ್ಟ, ಮುಂದೆ ತೋಟ, ತೋಟದಾಚೆ ಹೊಳೆ. ಇಂಥ ಮನೆಗಳಲ್ಲಿ ಹಾವುಗಳೆಂದರೆ ಒಂದು ಬಗೆಯ ನೆರೆಹೊರೆ. ತೋಟದ ಕಾಲುವೆಯಲ್ಲಿ ನೀರೊಳ್ಳೆ. ಕೊಟ್ಟಿಗೆಯ ಮಾಡಿನಲ್ಲಿ ಇಲಿಗಾಗಿ ಹೊಂಚುವ ಕೇರೆ. ದಾಸವಾಳದ ಗಿಡದಲ್ಲಿ ಬಳ್ಳಿಯ ಹಾಗೆಯೇ ತೂಗುವ ಹಸಿರು ಹಾವು. ನಾಗರಹಾವು ಅಂಗಳಕ್ಕೆ ಬಂದರೆ ಹಿರಿಯರು ಕೈಮುಗಿದು ದಾರಿ ಬಿಡುತ್ತಿದ್ದರು. ಕೊಳಕುಮಂಡಲಕ್ಕೆ ಆ ಮರ್ಯಾದೆ ದೊರೆಯುತ್ತಿರಲಿಲ್ಲ. ಕಾಳಿಂಗನನ್ನು ಕಂಡೆನೆಂದು ಹೇಳುವವರು ಊರಿನಲ್ಲಿ ಹಲವರಿದ್ದರು; ಹಾಗೆ ಹೇಳಿದವನ ಸುತ್ತ ಸಂಜೆ ಜಗಲಿಯಲ್ಲಿ ಜನ ಸೇರುತ್ತಿತ್ತು.

೧೯೬೬ನೆಯ ಇಸವಿಯ ಜುಲೈ ತಿಂಗಳು. ಹಿಡಿದ ಮಳೆ ಬಿಟ್ಟಿರಲಿಲ್ಲ. ಬಚ್ಚಲೊಲೆಗೆ ಕಟ್ಟಿಗೆ ತರಲು ಹೋದ ಆಳು ಕಟ್ಟಿಗೆಯ ರಾಶಿಯಲ್ಲಿ ಹೆಬ್ಬಾವಿನ ಮರಿಯೊಂದನ್ನು ಕಂಡು ಕೂಗಿದನು. ಎರಡು ಅಡಿ ಉದ್ದವಿದ್ದಿತು. ನನ್ನ ಹೆಬ್ಬೆರಳಿಗಿಂತ ತುಸು ದಪ್ಪ. ಮೈಮೇಲಿನ ಕಂದುಬಣ್ಣದ ಮಚ್ಚೆಗಳು ಹೊಸದಾಗಿ ನೇಯ್ದ ಜಮಖಾನದ ಹಾಗೆ ಹೊಳೆಯುತ್ತಿದ್ದುವು. ಕೋಲೆತ್ತಿದ ಆಳಿನ ಕೈಹಿಡಿದು ನಾನು ಗೋಗರೆದೆ. "ವಿಷದ ಹಾವಲ್ಲ, ಬಿಡು" ಎಂದು ಅಪ್ಪಯ್ಯ ಜಗಲಿಯಿಂದಲೇ ಅಂದರು. ಬಿಡು ಎಂದರೆ ಕಾಡಿಗೆ ಬಿಡು ಎಂದು ಅವರ ಅರ್ಥ. ಹುಡುಗನಿಗೆ ಬಿಟ್ಟುಕೊಡು ಎಂದು ನಾನು ಅರ್ಥಮಾಡಿಕೊಂಡೆ. ತನಗೆ ಬೇಕಾದ ಅರ್ಥವನ್ನು ಹಚ್ಚಿಕೊಳ್ಳುವ ವಿದ್ಯೆಯನ್ನು ಮನುಷ್ಯನು ಹನ್ನೊಂದರ ವಯಸ್ಸಿಗೇ ಕಲಿತುಬಿಟ್ಟಿರುತ್ತಾನೆ.

ಮರಿಯನ್ನು ಒಂದು ಬುಟ್ಟಿಯಲ್ಲಿಟ್ಟು, ಮೇಲೊಂದು ಅಡಕೆ ಹಾಳೆ ಮುಚ್ಚಿ, ಹಾಳೆಯ ಮೇಲೊಂದು ಕಲ್ಲು ಹೇರಿ, ಕೊಟ್ಟಿಗೆಯ ಪಕ್ಕದ ಕತ್ತಲೆಕೋಣೆಯಲ್ಲಿ ಇರಿಸಿದೆ. ಮಳೆಗಾಲದಲ್ಲಿ ಆ ಕೋಣೆಯ ಮಣ್ಣುನೆಲ ಸದಾ ಒದ್ದೆ. ಶಾಲೆಯಿಂದ ಬಂದವನೇ ಹಾಳೆ ಸರಿಸಿ ನೋಡುವುದು, ಕೈಯಲ್ಲಿ ಎತ್ತಿಕೊಳ್ಳುವುದು, ಗೆಳೆಯರಿಗೆ ತೋರಿಸುವುದು, ಇದೇ ನನ್ನ ದಿನಚರಿಯಾಯಿತು. ಗೆಳೆಯರು ಮುಟ್ಟಲು ಹೆದರಿದಷ್ಟೂ ನನ್ನ ಹೆಮ್ಮೆ ಬೆಳೆಯಿತು. ಒಂದೇ ಒಂದು ಕೊರತೆಯೆಂದರೆ ಹಾವು ಏನನ್ನೂ ತಿನ್ನಲಿಲ್ಲ. ಬಟ್ಟಲಲ್ಲಿ ಹಾಲಿಟ್ಟೆ, ಹಾಲು ಒಡೆದು ನಾರಿತು. ಅನ್ನವಿಟ್ಟೆ, ಇರುವೆ ಮುತ್ತಿತು. ಆಚೆಮನೆಯಿಂದ ಗುಟ್ಟಾಗಿ ಕೋಳಿಮೊಟ್ಟೆ ತಂದೆ. ಅದು ಬುಟ್ಟಿಯಲ್ಲಿ ಉರುಳಾಡಿಕೊಂಡಿತ್ತು. ಕಪ್ಪೆಯೊಂದನ್ನು ಹಿಡಿದು ಹಾಕಿದೆ. ಹಾವು ಒಂದು ಮೂಲೆಯಲ್ಲಿ, ಕಪ್ಪೆ ಇನ್ನೊಂದು ಮೂಲೆಯಲ್ಲಿ, ಇಬ್ಬರೂ ಸಮಾನವಾಗಿ ನನಗೆ ಹೆದರಿಕೊಂಡು ರಾತ್ರಿ ಕಳೆದುವು.

ಒಂದು ವಾರ ಕಳೆದ ಮೇಲೆ ಇನ್ನೊಂದು ದಿಗಿಲಾಯಿತು. ಹಾವಿನ ಹೊಳಪು ಮಾಸಿತು. ಕಣ್ಣುಗಳ ಮೇಲೆ ಹಾಲಿನ ಪೊರೆ ಕಟ್ಟಿದಂತೆ ನೀಲಿಮಿಶ್ರಿತ ಬಿಳುಪು ಕವಿಯಿತು. ಉಪವಾಸದಿಂದ ಅದು ಕುರುಡಾಗುತ್ತಿದೆಯೆಂದು ನಾನು ತಿಳಿದೆ. ಅಜ್ಜಿಯ ಬಳಿ ಓಡಿದೆ. ಅಂದು ಏಕಾದಶಿ; ಅಜ್ಜಿ ನೀರು ಸಹ ಮುಟ್ಟದೆ ದೇವರ ಮುಂದೆ ಬತ್ತಿ ಹೊಸೆಯುತ್ತ ಕುಳಿತಿದ್ದಳು. ನನ್ನ ಅಳಲನ್ನೆಲ್ಲ ಕೇಳಿ, "ತಮಾ, ಯಂಗೆ ಏಕಾದಶಿ ದಿನ ಯಾರಾದ್ರೂ ಬಾಯಿಗೆ ಅನ್ನ ತುರುಕಿದ್ರೆ ಹ್ಯಾಂಗಾಗ್ತು ಹೇಳು? ಅದ್ರ ಪಾಡಿಗೆ ಅದ್ನ ಬಿಡು" ಎಂದಳು. ನನಗೆ ಈ ಮಾತು ರುಚಿಸಲಿಲ್ಲ. ಅಜ್ಜಿಗೆ ಹಾವಿನ ವಿಷಯ ಏನು ಗೊತ್ತು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದ ಹೊತ್ತು ನೋಡಿ, ಪಪ್ಪಾಯಿ ಎಲೆಯ ದೇಟನ್ನು ಕೊಳವೆಯ ಹಾಗೆ ಕತ್ತರಿಸಿಕೊಂಡೆ. ಹಾವಿನ ತಲೆಯನ್ನು ಎಡಗೈಯಲ್ಲಿ ಅದುಮಿ ಹಿಡಿದು, ಬಿದಿರಿನ ಸೀಳಿನಿಂದ ಬಾಯಿ ತೆರೆಯಿಸಿ, ಮೊಟ್ಟೆಯ ಲೋಳೆ ಬೆರೆಸಿದ ಹಾಲನ್ನು ಆ ಕೊಳವೆಯಿಂದ ಒಳಕ್ಕೆ ಸುರಿದೆ. ಅದು ಹೊರಳಾಡಿತು, ನಾನು ಬಿಡಲಿಲ್ಲ. ಹೊಟ್ಟೆ ತುಂಬಿದ ಮೇಲೆ ಸರಿಹೋಗುತ್ತದೆಂಬ ನಂಬಿಕೆ ನನಗೆ. ಎರಡು ದಿನ ಬಿಟ್ಟು ಇನ್ನೊಮ್ಮೆ ಹಾಗೆಯೇ ಮಾಡಿದೆ. ಆ ಬಳಿಕ ಹಾವು ಕತ್ತನ್ನು ಮೇಲಕ್ಕೆತ್ತಿ, ಬಾಯಿ ತುಸು ತೆರೆದು, ಬುಟ್ಟಿಯ ಅಂಚಿಗೆ ಒರಗಿಕೊಂಡಿರತೊಡಗಿತು. ಬಾಯಿಯ ಬದಿಯಲ್ಲಿ ನೊರೆಗುಳ್ಳೆಗಳು ಕಾಣಿಸಿಕೊಂಡುವು. ಉಸಿರಿಗೊಂದು ಸಣ್ಣ ಶಬ್ದ ಬಂದಿತು. ಆರನೆಯ ದಿನ ಬೆಳಗ್ಗೆ ಹಾಳೆ ಸರಿಸಿದಾಗ ಅದು ಹಾಗೆಯೇ ಒರಗಿಕೊಂಡಿತ್ತು, ಆದರೆ ಉಸಿರಿರಲಿಲ್ಲ. ಅರ್ಧ ಕಳಚಿದ ಪೊರೆ ಮೈಗೆ ಅಂಟಿಕೊಂಡಿತ್ತು.

ಅಜ್ಜಿ ಬೈಯಲಿಲ್ಲ. ಹಲಸಿನ ಮರದ ಬುಡದಲ್ಲಿ ಗುಂಡಿ ತೋಡಿಸಿ ಅದನ್ನು ಮಣ್ಣು ಮಾಡಿಸಿದಳು. ಮುಂದೆ ನಾಗರ ಪಂಚಮಿ ಬಂದಾಗ, ಅರಿಶಿನ ಎಲೆಯ ಕಡುಬಿನ ಪರಿಮಳ ಮನೆಯನ್ನೆಲ್ಲ ತುಂಬಿದ್ದ ಆ ಬೆಳಗ್ಗೆ, ಮನೆಯ ಹಿಂದಿನ ನಾಗಬನಕ್ಕೆ ನನ್ನನ್ನು ಕರೆದುಕೊಂಡು ಹೋಗಿ ಹಾಲಿನ ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಹಿಂಜರಿದೆ. "ಹಾಲು ಕಲ್ಲಿಗೆ, ತಮಾ. ಹಾವಿಗೆ ಹಾವಿನ ಪಾಡು" ಎಂದಳು. ಅಷ್ಟೇ. ಆ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ.

ಮರಿ ಹಸಿವಿನಿಂದ ಸತ್ತಿತೆಂದು ನಾನು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಹಾಗೆ ನಂಬುವುದರಲ್ಲಿ ಒಂದು ಸಮಾಧಾನವಿತ್ತು. ಮೇಷ್ಟರ ವೃತ್ತಿಗೆ ಬಂದ ಮೇಲೆ, ಓದುತ್ತ ಓದಿಸುತ್ತ ಹೋದಂತೆ, ಆ ಹಳೆಯ ಮೊಕದ್ದಮೆ ಮನಸ್ಸಿನ ನ್ಯಾಯಸ್ಥಾನದಲ್ಲಿ ಮತ್ತೆ ವಿಚಾರಣೆಗೆ ಬಂದಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ನನಗೆ ವಿರುದ್ಧವಾಗಿಯೇ ನುಡಿದುವು.

ಮೊದಲನೆಯ ಸಾಕ್ಷಿ ಆ ಬಿಳುಪುಗಟ್ಟಿದ ಕಣ್ಣು. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಕನ್ನಡಕದ ಗಾಜಿನಂಥ ಪಾರದರ್ಶಕ ಚರ್ಮವೊಂದಿದೆ. ಪೊರೆ ಬಿಡುವ ಕಾಲ ಬಂದಾಗ ಹಳೆಯ ಮತ್ತು ಹೊಸ ಚರ್ಮಗಳ ನಡುವೆ ದ್ರವ ತುಂಬಿ ಕಣ್ಣು ಮಂಜಾಗುತ್ತದೆ. ಕೆಲವು ದಿನಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಅನಂತರ ಪೊರೆ ಕಳಚುತ್ತದೆ. ಈ ದಿನಗಳಲ್ಲಿ ಹಾವಿಗೆ ದೃಷ್ಟಿ ಮಂದ, ಮೈ ಸೂಕ್ಷ್ಮ, ಮನಸ್ಸು ಅಂಜಿಕೆಯದು. ಆಗ ಅದು ಸಾಮಾನ್ಯವಾಗಿ ಆಹಾರ ಮುಟ್ಟುವುದಿಲ್ಲ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮೊಟ್ಟೆಯಿಂದ ಹೊರಬಂದ ಹೆಬ್ಬಾವಿನ ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಭಂಡಾರದ ಶೇಷಾಂಶ ಇರುತ್ತದೆ. ಅದನ್ನು ಉಂಡುಕೊಂಡೇ ಮರಿ ಮೊದಲ ದಿನಗಳನ್ನು ಕಳೆಯುತ್ತದೆ. ಮೊದಲ ಬೇಟೆ ಸಾಮಾನ್ಯವಾಗಿ ಮೊದಲ ಪೊರೆ ಬಿಟ್ಟ ಮೇಲೆ. ನನ್ನ ಮರಿಗೆ ಆಗ ಹಸಿವೇ ಇದ್ದಿರಲಾರದು. ತಾಯಿ ಕಟ್ಟಿಕೊಟ್ಟ ಬುತ್ತಿ ಮುಗಿಯುವ ಮೊದಲೇ ನಾನು ಅದಕ್ಕೆ ಬಲವಂತದ ಔತಣ ಮಾಡಿದೆ.

ಎರಡನೆಯ ಸಾಕ್ಷಿ ಆ ಒದ್ದೆ ನೆಲ. ನಮ್ಮ ಮೈ ಒಂದು ಆರದ ಒಲೆ. ಹಾವಿನ ಮೈ ಹಾಗಲ್ಲ. ಹೊರಗಿನ ಬಿಸಿಯೇ ಅದರ ಬಿಸಿ. ಶಾಖ ಸಾಲದಿದ್ದರೆ ನುಂಗಿದುದು ಜೀರ್ಣವಾಗದೆ ಒಳಗೇ ಕೊಳೆಯುತ್ತದೆ. ಆದುದರಿಂದ ತಣುಪಿನಲ್ಲಿ ಹಾವು ಉಣ್ಣದಿರುವುದು ಹಟವಲ್ಲ, ವಿವೇಕ. ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಹೆಬ್ಬಾವಿನ ತಾಯಿ ತನ್ನ ಮೊಟ್ಟೆಗಳನ್ನು ಸುತ್ತಿಕೊಂಡು ಸುಮಾರು ಎರಡು ತಿಂಗಳು ಬಹುಮಟ್ಟಿಗೆ ಆಹಾರವಿಲ್ಲದೆಯೇ ಕುಳಿತಿರುತ್ತದೆ. ಗಾಳಿ ತಂಪಾದರೆ ಮೈಯ ಮಾಂಸಖಂಡಗಳನ್ನು ಅದುರಿಸಿ ಕಾವು ಹುಟ್ಟಿಸುತ್ತದೆ. ನ್ಯೂಯಾರ್ಕಿನ ಮೃಗಾಲಯದಲ್ಲಿ ಮೊಟ್ಟೆ ಸುತ್ತಿಕೊಂಡಿದ್ದ ಒಂದು ಹೆಬ್ಬಾವಿನ ಶಾಖವನ್ನು ಮೂವರು ವಿಜ್ಞಾನಿಗಳು ಅಳೆದು, ಸುತ್ತಣ ಗಾಳಿಗಿಂತ ಅದು ಕೆಲವು ಡಿಗ್ರಿ ಹೆಚ್ಚಾಗಿರುವುದನ್ನು ತೋರಿಸಿಕೊಟ್ಟ ವರದಿ ಅಚ್ಚಾದುದು ೧೯೬೬ರಲ್ಲಿ. ಅದೇ ವರ್ಷ ನಾನು, ತಾಯಿ ಹಸಿದಿದ್ದು ಕಾವು ಕೊಟ್ಟು ಬೆಳಕಿಗೆ ತಂದ ಮರಿಯನ್ನು ಒದ್ದೆ ನೆಲದ ಮೇಲೆ ಇರಿಸಿದ್ದೆ. ಹತ್ತು ಹೆಜ್ಜೆ ಆಚೆ, ಹಗಲೂ ರಾತ್ರಿಯೂ ಬೂದಿಯೊಳಗೆ ಕೆಂಡವಿರುವ ಬಚ್ಚಲೊಲೆ ಇದ್ದಿತು.

ಮೂರನೆಯ ಸಾಕ್ಷಿ ನನ್ನ ಪ್ರೀತಿ. ಹಾವಿಗೆ ನಮ್ಮ ಕೈ ಎಂದರೆ ಗಿಡುಗನ ಕಾಲು, ಮುಂಗುಸಿಯ ಬಾಯಿ. ಎತ್ತಿಕೊಂಡಾಗಲೆಲ್ಲ ಅದು ತನ್ನನ್ನು ಹಿಡಿದರೆಂದೇ ಬಗೆಯುತ್ತದೆ. ಜೀವಭಯದಲ್ಲಿರುವ ಪ್ರಾಣಿ ಊಟದ ಯೋಚನೆ ಮಾಡುವುದಿಲ್ಲ.

ನಾಲ್ಕನೆಯ ಸಾಕ್ಷಿಯೇ ಕೊನೆಯದು. ನುಂಗುವಾಗಲೂ ಉಸಿರಾಡುವುದಕ್ಕೆ ಅನುಕೂಲವಾಗಲೆಂದು ಹಾವಿನ ಶ್ವಾಸನಾಳದ ದ್ವಾರ ಕೆಳದವಡೆಯ ಮುಂಭಾಗದಲ್ಲಿಯೇ ತೆರೆದುಕೊಳ್ಳುತ್ತದೆ. ಅರಿಯದವನು ಸುರಿದ ಹಾಲು ಹೊಟ್ಟೆಗೆ ಹೋಗುವುದಕ್ಕಿಂತ ಪುಪ್ಪುಸಕ್ಕೆ ಹೋಗುವ ಸಂಭವವೇ ಹೆಚ್ಚು. ಎತ್ತಿದ ಕತ್ತು, ತೆರೆದ ಬಾಯಿ, ನೊರೆಗುಳ್ಳೆ, ಇವೆಲ್ಲ ಉಸಿರು ಸಿಕ್ಕದ ಹಾವಿನ ಲಕ್ಷಣಗಳು. ಮರಿಯನ್ನು ಕೊಂದುದು ಉಪವಾಸವಲ್ಲ, ನನ್ನ ಉಪಚಾರ. ತೀರ್ಪು ಅಂತಿಮವಾಯಿತು.

ಇನ್ನು ಹಾವಿಗೂ ಹಾಲಿಗೂ ಇರುವ ಸಂಬಂಧದ ಮಾತು. ನಾನು ಭಟ್ಕಳಕ್ಕೆ ಬಂದ ಮೊದಲ ವರ್ಷಗಳಲ್ಲಿ ಪಂಚಮಿಯ ಸುಮಾರಿಗೆ ಹಾವಾಡಿಗರು ಪೇಟೆಗೆ ಬರುತ್ತಿದ್ದರು. ಬುಟ್ಟಿಯ ನಾಗರಹಾವು ಬಟ್ಟಲ ಹಾಲಿಗೆ ಬಾಯಿಟ್ಟುದನ್ನು ಕಂಡ ಮಕ್ಕಳು, "ನಾವು ಕಣ್ಣಾರೆ ಕಂಡೆವು, ಸರ್" ಎಂದು ತರಗತಿಯಲ್ಲಿ ವಾದ ಹೂಡುತ್ತಿದ್ದರು. ಕಂಡುದು ಸುಳ್ಳಲ್ಲ. ಹಲವು ದಿನ ನೀರಿಲ್ಲದೆ ಒಣಗಿಸಿದ ಹಾವು ಎದುರಿಗೆ ಬಂದ ಯಾವ ದ್ರವಕ್ಕಾದರೂ ಬಾಯಿಡುತ್ತದೆ. ಹಾಲು ಮೊಲೆಯುಣ್ಣುವ ಪ್ರಾಣಿಗಳ ಆಹಾರ. ಅದನ್ನು ಅರಗಿಸಿಕೊಳ್ಳುವ ಸಾಮರ್ಥ್ಯ ಹಾವಿಗಿಲ್ಲ. ಹಲ್ಲು ಕೀಳಿಸಿಕೊಂಡು, ಎಷ್ಟೋ ವೇಳೆ ಬಾಯಿ ಹೊಲಿಸಿಕೊಂಡು ಬಂದ ಆ ಹಾವುಗಳು ಹಬ್ಬದ ಮುಂದೆ ಹೆಚ್ಚು ದಿನ ಬದುಕುತ್ತಿರಲಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಈ ವ್ಯಾಪಾರ ಕ್ರಮೇಣ ಕಡಮೆಯಾಯಿತು. ನಮ್ಮ ನಾಡಿನ ಹಾವನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಈಗ ಅಪರಾಧ. ಹನ್ನೊಂದರ ಹುಡುಗ ಅಂದು ಮಾಡಿದುದನ್ನು ಇಂದು ಯಾರಾದರೂ ಮಾಡಿದರೆ ಅರಣ್ಯ ಇಲಾಖೆಯವರು ಮನೆಗೆ ಬಂದಾರು. ಬರಲಿ ಎಂದೇ ನನ್ನ ಅಭಿಪ್ರಾಯ.

ಈ ಕತೆ ನನ್ನಲ್ಲಿಯೇ ಮುಗಿದುಹೋಗುತ್ತಿತ್ತು. ಆದರೆ ಈಚೆಗೆ ಒಂದು ಡಿಸೆಂಬರಿನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಹೋಗಬೇಕಾಯಿತು. ನನ್ನ ಬಳಿ ಓದಿ ಈಗ ಅಲ್ಲಿ ಉದ್ಯೋಗದಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿ, "ಸರ್, ನಮ್ಮ ಮನೆಯಲ್ಲಿಯೇ ಇರಬೇಕು" ಎಂದು ಒತ್ತಾಯಮಾಡಿ ಕರೆದುಕೊಂಡು ಹೋದನು. ಆತನ ಮಗ ಕಾಲೇಜಿನಲ್ಲಿ ಓದುವ ಹುಡುಗ. ರಾತ್ರಿ ಊಟವಾದ ಮೇಲೆ ಅವನು ಸಂಕೋಚದಿಂದ ಹತ್ತಿರ ಬಂದು, "ಅಜ್ಜಾ, ನಿಮಗೆ ಹಾವುಗಳ ವಿಷಯ ಗೊತ್ತಂತೆ ಅಪ್ಪ ಹೇಳಿದರು. ನನ್ನ ಹಾವು ಎರಡು ತಿಂಗಳಿಂದ ಏನೂ ತಿಂದಿಲ್ಲ" ಎಂದನು.

ಅವನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಂದರಲ್ಲಿ ಬಾಲ್ ಪೈಥಾನ್ ಎಂಬ ಹಾವು ಸುರುಳಿಸುತ್ತಿ ಮಲಗಿತ್ತು. ಇದು ಆಫ್ರಿಕಾ ಖಂಡದ ಪಶ್ಚಿಮ ಮತ್ತು ಮಧ್ಯಭಾಗದ ಹುಲ್ಲುನಾಡಿನದು. ನಮ್ಮ ಹೆಬ್ಬಾವಿಗೆ ದಾಯಾದಿ, ಗಾತ್ರದಲ್ಲಿ ಬಹಳ ಚಿಕ್ಕದು. ಹೆದರಿದರೆ ತಲೆಯನ್ನು ನಡುವೆ ಅಡಗಿಸಿಕೊಂಡು ಚೆಂಡಿನ ಹಾಗೆ ಮುದುಡುತ್ತದೆ. ಅದಕ್ಕೇ ಆ ಹೆಸರು. ಇಂಥ ವಿದೇಶೀ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸತಕ್ಕುದೆಂದು ೨೦೨೪ರಲ್ಲಿ ನಿಯಮಗಳಾಗಿವೆ. ಆ ಕೆಲಸವಾಗಿದೆಯೇ ಎಂದು ಮೊದಲು ಕೇಳಿದೆ. ಆಗಿದೆಯೆಂದು ತಂದೆ ಕಾಗದ ತೋರಿಸಿದನು. ಆಮೇಲೆ ಹುಡುಗನ ಮೇಜಿನತ್ತ ಕಣ್ಣು ಹೋಯಿತು. ಅಲ್ಲಿ ಒಂದು ದೊಡ್ಡ ಸಿರಿಂಜು, ಅದಕ್ಕೆ ಸಿಕ್ಕಿಸುವ ರಬ್ಬರಿನ ನಳಿಗೆ ಇದ್ದುವು. "ನಾಳೆಯೂ ತಿನ್ನದಿದ್ದರೆ ಬಾಯಿ ಬಿಡಿಸಿ ಹಾಕೋಣವೆಂದು" ಎಂದನು. ನನಗೆ ಪಪ್ಪಾಯಿಯ ದೇಟು ಕಣ್ಣಿಗೆ ಕಟ್ಟಿತು. ಕುರ್ಚಿ ಎಳೆದುಕೊಂಡು ಕುಳಿತು, ಅವನ ತಂದೆಗೂ ಎಂದೂ ಹೇಳಿರದ ೧೯೬೬ರ ಕತೆಯನ್ನು ಹೇಳಿದೆ. ಹುಡುಗ ಸಿರಿಂಜನ್ನು ತೆಗೆದು ಡ್ರಾಯರಿನೊಳಗೆ ಇಟ್ಟನು.

ಮರುದಿನ ಬೆಳಗ್ಗೆ ನಾವಿಬ್ಬರೂ ಸೇರಿ ವಿಚಾರಮಾಡಿದೆವು. ಉಣ್ಣದ ಹಾವಿಗೆ ಔಷಧ ಹುಡುಕುವ ಮೊದಲು ಉಣ್ಣದಿರುವುದು ರೋಗವೇ ಎಂದು ಕೇಳಬೇಕು. ೨೦೦೭ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಅಮೆರಿಕದ ವಿಜ್ಞಾನಿಯೊಬ್ಬರು ಮೂರು ಜಾತಿಯ ಹಾವುಗಳನ್ನು ಸುಮಾರು ಆರು ತಿಂಗಳು ಆಹಾರವಿಲ್ಲದೆ ಇರಿಸಿ ನೋಡಿದರು. ಅವುಗಳಲ್ಲಿ ಈ ಬಾಲ್ ಪೈಥಾನೂ ಒಂದು. ಕೆಲವು ಹಾವುಗಳು ತಮ್ಮ ದೇಹದ ವ್ಯಯವನ್ನು ನೂರಕ್ಕೆ ಎಪ್ಪತ್ತರಷ್ಟು ಇಳಿಸಿಕೊಂಡು ಕಾಲ ಹಾಕಿದುವು. ಆ ಉಪವಾಸದಲ್ಲಿಯೂ ಉದ್ದದಲ್ಲಿ ಬೆಳೆದುವು. ಹೆಬ್ಬಾವು ಉಂಡಾಗ ನಡೆಯುವುದೂ ಇಷ್ಟೇ ವಿಸ್ಮಯದ್ದು. ಬರ್ಮಾ ದೇಶದ ಹೆಬ್ಬಾವು ದೊಡ್ಡ ಊಟ ಮಾಡಿದ ಎರಡು ದಿನಗಳಲ್ಲಿ ಅದರ ಹೃದಯದ ಮುಖ್ಯ ಕೋಣೆಯ ತೂಕ ನೂರಕ್ಕೆ ನಲವತ್ತರಷ್ಟು ಹೆಚ್ಚುವುದೆಂದು ೨೦೦೫ರಲ್ಲಿ ತಿಳಿದುಬಂದಿತು, ಕರುಳೂ ಹಿಗ್ಗುತ್ತದೆ, ಅರಗಿದ ಮೇಲೆ ಎಲ್ಲವೂ ಮೊದಲಿನ ಅಳತೆಗೆ ಇಳಿಯುತ್ತವೆ. ಊಟವಿಲ್ಲದ ದಿನ ಒಲೆ ಹೊತ್ತಿಸದ, ಪಾತ್ರೆ ಇಳಿಸದ ಮನೆ ಅದು. ದಿನಕ್ಕೆ ಮೂರು ಹೊತ್ತು ಉಣ್ಣುವ ನಾವು ನಮ್ಮ ಹಸಿವಿನ ಗಡಿಯಾರವನ್ನು ಅದರ ಹೊಟ್ಟೆಗೆ ಕಟ್ಟುವುದೇ ಮೊದಲ ತಪ್ಪು.

ಎರಡನೆಯದಾಗಿ, ಹಾವು ಇರುವ ಜಾಗ. ಬೆಂಗಳೂರಿನ ಡಿಸೆಂಬರಿನ ರಾತ್ರಿ. ಕಿಟಕಿಯ ಬದಿಯಲ್ಲಿ, ಕಲ್ಲುಹಾಸಿನ ಮೇಲೆ ಪೆಟ್ಟಿಗೆ. ಕರಾವಳಿಯಿಂದ ಹೋದ ನಾನೇ ಎರಡು ಕಂಬಳಿ ಹೊದ್ದಿದ್ದೆ. ಈ ಜಾತಿಗೆ ಪೆಟ್ಟಿಗೆಯ ಒಂದು ಕೊನೆ ಸುಮಾರು ೩೧ರಿಂದ ೩೩ ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಇನ್ನೊಂದು ಕೊನೆ ೨೫ರಿಂದ ೨೭ ಡಿಗ್ರಿ. ಬೇಕಾದಲ್ಲಿಗೆ ಸರಿದುಕೊಳ್ಳುವುದು ಹಾವಿಗೆ ಬಿಟ್ಟುದು. ಶಾಖದ ಹಾಳೆಯನ್ನು ನೇರವಾಗಿ ಇಟ್ಟರೆ ಮೈ ಸುಡುತ್ತದೆ. ಶಾಖವನ್ನು ಹಿಡಿತದಲ್ಲಿಡುವ ಉಪಕರಣವೊಂದನ್ನು ಜೋಡಿಸಿಯೇ ಇಡಬೇಕು. ಕೈಯಿಂದ ಮುಟ್ಟಿ ಅಂದಾಜು ಮಾಡುವುದು ಸಲ್ಲದು, ಉಷ್ಣಮಾಪಕ ಬೇಕು. ಪೆಟ್ಟಿಗೆಯನ್ನು ಮೇಜಿನ ಮೇಲಕ್ಕೆ, ಒಳಗೋಡೆಯ ಬದಿಗೆ ಸಾಗಿಸಿದೆವು.

ಮೂರನೆಯದಾಗಿ, ಮರೆ. ಕಾಡಿನಲ್ಲಿ ಈ ಹಾವು ಇಲಿಯ ಬಿಲದಲ್ಲಿ, ಗೆದ್ದಲುಹುತ್ತದಲ್ಲಿ ಅಡಗಿರುತ್ತದೆ. ನಾಲ್ಕು ಕಡೆ ಗಾಜಿರುವ ಮನೆ ನೋಡುವವರಿಗೆ ಚೆಂದ; ಒಳಗಿರುವವನಿಗೆ ಅದು ಬಯಲು. ಬೆಚ್ಚಗಿನ ಕಡೆಯೊಂದು, ತಣ್ಣಗಿನ ಕಡೆಯೊಂದು, ಮೈಗೆ ಮೈ ತಾಗುವಷ್ಟು ಇಕ್ಕಟ್ಟಾದ ಎರಡು ಗೂಡುಗಳನ್ನಿಟ್ಟೆವು. ಮೂರು ಬದಿಗೆ ಕಾಗದ ಅಂಟಿಸಿದೆವು. ಗೆಳೆಯರಿಗೆ ತೋರಿಸುವುದಕ್ಕೆಂದು ದಿನವೂ ಎತ್ತುತ್ತಿದ್ದೆನೆಂದು ಹುಡುಗ ಒಪ್ಪಿಕೊಂಡನು. ನಾನು ನಕ್ಕೆನೇ ಹೊರತು ಬೈಯಲಿಲ್ಲ. ಬೈಯುವ ಅಧಿಕಾರ ನನಗಿರಲಿಲ್ಲ. ಹಾವು ಉಣ್ಣುವತನಕ ನೀರು ಬದಲಾಯಿಸುವುದಕ್ಕೆ, ಪೆಟ್ಟಿಗೆ ಶುಚಿ ಮಾಡುವುದಕ್ಕೆ, ತೂಗುವುದಕ್ಕೆ ಹೊರತು ಕೈ ಹಾಕಕೂಡದೆಂದು ನಿಶ್ಚಯವಾಯಿತು. ಹೊಸದಾಗಿ ಮನೆಗೆ ಬಂದ ಹಾವಿಗಂತೂ ಮೊದಲ ವಾರ ಊಟದ ಮಾತೇ ಬೇಡ.

ನಾಲ್ಕನೆಯದು ಊಟ. ಎಲ್ಲ ಹಾವೂ ಎಲ್ಲವನ್ನೂ ತಿನ್ನುವುದಿಲ್ಲ. ನಮ್ಮ ನೀರೊಳ್ಳೆಗೆ ಮೀನು, ಕಪ್ಪೆ; ಹಸಿರು ಹಾವಿಗೆ ಓತಿ, ಹಲ್ಲಿ, ಕಪ್ಪೆ; ಭಟ್ಕಳದ ಬಂದರಿನಲ್ಲಿ ಬಲೆಗೆ ಸಿಕ್ಕಿ ಬರುವ ಕಡಲಹಾವುಗಳಿಗೆ ಹೆಚ್ಚಾಗಿ ಮೀನು. ಗೇರುಸೊಪ್ಪೆಯ ಕಾಡಿನ ಕಾಳಿಂಗನಿಗೆ ಹಾವೇ ಊಟ. ೨೦೨೪ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗನನ್ನು ಬೇರೆಯೇ ಜಾತಿಯೆಂದು ಗುರುತಿಸಿ, ಅದರ ಶಾಸ್ತ್ರೀಯ ನಾಮದಲ್ಲಿ ನಮ್ಮ ಕನ್ನಡದ 'ಕಾಳಿಂಗ' ಎಂಬ ಮಾತನ್ನೇ ಇಟ್ಟರು. ಈ ಹಾವಿನ ಮುಂದೆ ಕೊಬ್ಬಿದ ಇಲಿಯನ್ನಿಟ್ಟರೂ ತಿರುಗಿ ನೋಡದಿರಬಹುದು. ಅದೇ ಇಲಿಗೆ ಕೇರೆಹಾವಿನ ವಾಸನೆ ಹಚ್ಚಿದರೆ ನುಂಗುವುದುಂಟೆಂಬುದನ್ನು ಮೃಗಾಲಯದವರು ಬಲ್ಲರು. ಹಾವಿಗೆ ನಾಲಗೆಯೇ ಮೂಗು. ಅದು ವಾಸನೆಯನ್ನು ನೆಕ್ಕಿ ಊಟವನ್ನು ಗುರುತಿಸುತ್ತದೆ. ಹುಡುಗನ ಹಾವಿಗೆ ಅವನು ಕೊಡುತ್ತಿದ್ದುದು ಶೀತಪೆಟ್ಟಿಗೆಯಿಂದ ತೆಗೆದು ಕರಗಿಸಿದ, ಇನ್ನೂ ತಣ್ಣಗಿರುವ ಇಲಿ. ಅದೂ ಹಗಲಿನಲ್ಲಿ, ದೀಪದ ಬೆಳಕಿನಲ್ಲಿ. ಈ ಜಾತಿಯ ಹಾವು ರಾತ್ರಿ ಬೇಟೆಯಾಡುವುದು. ತುಟಿಯ ಬಳಿಯ ಕುಳಿಗಳಿಂದ ಬೇಟೆಯ ಮೈಬಿಸಿಯನ್ನು ಅರಿಯುವುದು. ತಣ್ಣಗಿನ ಇಲಿ ಅದಕ್ಕೆ ಇಲಿಯೇ ಅಲ್ಲ. ಆದುದರಿಂದ ಇಲಿಯನ್ನು ಬಿಸಿನೀರಿನಲ್ಲಿ ಮೈಬಿಸಿಗೆ ತಂದು, ಕತ್ತಲಾದ ಮೇಲೆ, ಉದ್ದನೆಯ ಇಕ್ಕಳದಿಂದ ಗೂಡಿನ ಬಾಯಿಗೆ ಹಿಡಿಯಬೇಕು. ಮುಟ್ಟದಿದ್ದರೆ ಅಲ್ಲಿಟ್ಟು ಹೊರಗೆ ಬರಬೇಕು. ಬೆಳಗ್ಗೆಯೂ ಇದ್ದರೆ ತೆಗೆದುಹಾಕಿ ಒಂದು ವಾರ ಸುಮ್ಮನಿರಬೇಕು. ಇಲಿ ಹಾವಿನ ನಡುಮೈಗಿಂತ ದಪ್ಪವಾಗಿರಬಾರದು. ಜೀವಂತ ಇಲಿಯನ್ನು ಒಳಗೆ ಬಿಟ್ಟು ಮಲಗುವುದು ಅಪಾಯ. ಹಸಿದ ಇಲಿ ಹಾವನ್ನೇ ಕಡಿದೀತು.

ಕಾಲದ ಮಾತೂ ಇದೆ. ಚಳಿಗಾಲ ಈ ಹಾವುಗಳ ಕೂಡುವ ಕಾಲ. ಆಗ ಬೆಳೆದ ಗಂಡು ತಿಂಗಳುಗಟ್ಟಲೆ ಊಟ ಮರೆಯುವುದು ಸಾಮಾನ್ಯ. ಬಸಿರಾದ ಹೆಣ್ಣೂ ಉಣ್ಣದಿರುವುದುಂಟು. ಒಣ ಎಲೆಗಳನ್ನು ಗುಡ್ಡೆಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುವ ನಮ್ಮ ಕಾಳಿಂಗ ತಾಯಿಯ ಉಪವಾಸವೂ ಇಂಥದೇ. ಇವು ಯಾವುವೂ ರೋಗಗಳಲ್ಲ.

ಹಾಗಾದರೆ ಉಪವಾಸ ಎಂದೂ ರೋಗವಲ್ಲವೇ ಎಂದು ಹುಡುಗ ಕೇಳಿದನು. ಸರಿಯಾದ ಪ್ರಶ್ನೆ. ಕಣ್ಣಳತೆಯನ್ನು ನಂಬದೆ ಎರಡು ವಾರಕ್ಕೊಮ್ಮೆ ತೂಕ ನೋಡಿ ಬರೆದಿಡು ಎಂದೆ. ದೇಹದ ತೂಕದಲ್ಲಿ ಹತ್ತರಲ್ಲೊಂದು ಪಾಲು ಇಳಿದರೆ, ಬೆನ್ನೆಲುಬು ಏಣಿನ ಹಾಗೆ ಎದ್ದು ಕಂಡರೆ, ಬಾಯಿಂದ ಲೋಳೆಯೋ ಗುಳ್ಳೆಯೋ ಬಂದರೆ, ಒಸಡು ಕೆಂಪಾಗಿ ಕೀವುಗಟ್ಟಿದರೆ, ನುಂಗಿದುದನ್ನು ಕಾರಿದರೆ, ಹುರುಪೆಗಳ ನಡುವೆ ಉಣ್ಣಿಯಂಥ ಹುಳುಗಳು ಕಂಡರೆ, ಮಲದಲ್ಲಿ ವ್ಯತ್ಯಾಸವಾದರೆ, ಕೂಡಲೇ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಹೋಗಬೇಕು. ಚಿಕ್ಕ ಮರಿಗಳಲ್ಲಿ ಇಷ್ಟು ಕಾಯುವುದೂ ಸಲ್ಲ. ಅವುಗಳ ಗಂಟು ಸಣ್ಣದು. ಬಾಯಿ ಬಿಡಿಸಿ ಉಣ್ಣಿಸುವುದು ಕಟ್ಟಕಡೆಯ ಉಪಾಯ. ಅದೂ ವೈದ್ಯರ ಕೈಯಿಂದ. ನೀರು ಮಾತ್ರ ಸದಾ ಇರಬೇಕು. ಹಾವು ಊಟ ಬಿಟ್ಟು ಬದುಕೀತು, ನೀರು ಬಿಟ್ಟು ಬದುಕದು.

ಇಷ್ಟೆಲ್ಲ ಹೇಳಿಯೂ ಮನಸ್ಸಿನಲ್ಲಿ ಒಂದು ಮಾತು ಉಳಿದಿತ್ತು. ಅದನ್ನೂ ಹೊರಡುವ ದಿನ ಹೇಳಿದೆ. ನಾಯಿ ಹಸಿದರೆ ಕಾಲು ಸುತ್ತುತ್ತದೆ, ಹಸು ಅಂಬಾ ಎನ್ನುತ್ತದೆ. ಹಾವಿಗೆ ದನಿಯಿಲ್ಲ, ಮುಖಭಾವವಿಲ್ಲ. ನಮ್ಮೊಡನೆ ಆಡಲು ಅದಕ್ಕಿರುವ ಕೆಲವೇ ಮಾತುಗಳಲ್ಲಿ ಉಣ್ಣದಿರುವುದು ಒಂದು. ತಣ್ಣಗಿದೆ, ಹೆದರಿಕೆಯಾಗಿದೆ, ಪೊರೆ ಬಿಡಲಿಕ್ಕಿದೆ, ನೋವಿದೆ, ಇದು ಕಾಲವಲ್ಲ, ಎಲ್ಲಕ್ಕೂ ಅದರ ಬಳಿ ಇರುವುದು ಆ ಒಂದೇ ಮಾತು. ಅದನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವುದು ಸಾಕಿದವನ ಕೆಲಸ. ಅರ್ಥವಾಗದೆ ಬಾಯಿಗೆ ತುರುಕುವುದೆಂದರೆ ಮಾತಾಡುವವನ ಬಾಯಿ ಮುಚ್ಚಿದ ಹಾಗೆಯೇ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಈ ಪಾಠವನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದಳು. ನನಗೆ ಅದು ತಿಳಿಯುವುದಕ್ಕೆ ಒಂದು ಜೀವ ಹೋಗಬೇಕಾಯಿತು.

ಹುಡುಗ ಬರೆದಿಡುವುದರಲ್ಲಿ ಶಿಸ್ತಿನವನು. ಎರಡು ವಾರಕ್ಕೊಮ್ಮೆ ತೂಕದ ಲೆಕ್ಕ ನನಗೆ ಬರುತ್ತಿತ್ತು. ಜನವರಿ ಕಳೆಯಿತು, ತೂಕ ತುಸುವೇ ಇಳಿಯಿತು, ಹಾವು ಉಣ್ಣಲಿಲ್ಲ. ಹುಡುಗನ ತಾಯಿ ಫೋನಿನಲ್ಲಿ, "ಮಾಸ್ತರೇ, ಪಾಪ ಅನಿಸುತ್ತದೆ, ಏನಾದರೂ ಕುಡಿಸಬಹುದೇ?" ಎಂದು ಕೇಳಿದರು. ಬೇಡಮ್ಮ ಎಂದೆ. ಹೇಳುವುದು ಸುಲಭವಾಗಿರಲಿಲ್ಲ. ನನ್ನ ಮಾತು ತಪ್ಪಾಗಿದ್ದರೆ ಎರಡನೆಯ ಹಾವಿನ ಲೆಕ್ಕವೂ ನನ್ನ ಖಾತೆಗೇ ಬರುತ್ತಿತ್ತು. ಫೆಬ್ರವರಿಯ ಮೊದಲ ಭಾಗದಲ್ಲಿ ಅದು ಪೊರೆ ಬಿಟ್ಟಿತೆಂದೂ ಪೊರೆ ಒಂದೇ ತುಂಡಾಗಿ, ಕಣ್ಣಿನ ಗಾಜುಗಳ ಸಹಿತ ಬಂದಿತೆಂದೂ ಹುಡುಗ ತಿಳಿಸಿದನು. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹಲಸಿನ ಮರದ ಬುಡ ನೆನಪಾಗುತ್ತಿತ್ತು.

ಒಂದು ವಾರ ಕಳೆದಿರಬಹುದು. ಬೆಳಗಿನ ಆರು ಗಂಟೆಗೆ ಫೋನು ಬಂದಿತು. "ಅಜ್ಜಾ, ರಾತ್ರಿ ಇಟ್ಟುದು ಬೆಳಗ್ಗೆ ಇಲ್ಲ. ಪೆಟ್ಟಿಗೆಯಲ್ಲೆಲ್ಲ ಹುಡುಕಿದೆ. ತಿಂದಿದೆ!" ನಾನು, "ಸಂತೋಷ. ಇನ್ನೆರಡು ದಿನ ಎತ್ತಬೇಡ, ಅರಗಲಿ" ಎಂದು ಮಾತ್ರ ಹೇಳಿ ಫೋನು ಇಟ್ಟೆ. ಅಂದು ಮಧ್ಯಾಹ್ನ ನಾನು ಎರಡು ಸಲ ಅನ್ನ ಹಾಕಿಸಿಕೊಂಡೆನೆಂದು ಮನೆಯಾಕೆ ಸಂಜೆ ಹೇಳಿದಳು. ನನಗೆ ಅದರ ನೆನಪಿಲ್ಲ.